ದೇವರ ಪಟಗಳ ಎಕ್ಸಿಬಿಷನ್: ಚಿತ್ರಕ್ಕೆ ಐದು ಸ್ಟಾರ್, ಗೋಡೆ ಮೇಲಿನ ಬರಹಕ್ಕೆ ಎರಡು

ಚಿತ್ರಗಳಿಗೆ ಐದಕ್ಕೆ ಐದು, ಜೋಡಿಸಿದ ರೀತಿಗೆ ನಾಕು, ಪಕ್ಕದಲ್ಲಿ ಅಂಟಿಸಿದ ವಿವರದ ಚೀಟಿಗಳಿಗೆ ಎರಡೇ ಸ್ಟಾರ್. ಎಕ್ಸಿಬಿಷನ್ ಈಗ ಮುಗಿದಿದೆ. ಆದ್ರೂ ಬರೀತಿದೀನಿ, ಯಾಕಂದ್ರೆ ಮೈಸೂರು ಶೈಲಿ ಪಟಗಳನ್ನ ಹತ್ತಿರದಿಂದ ನೋಡೋಕೆ ನಮ್ಮ ಬೆಂಗಳೂರಲ್ಲಿ ಬೇರೆ ಜಾಗನೂ ಇದೆ, ಕೊನೇಲಿ ಹೇಳ್ತೀನಿ, ಜನ ಮಾತ್ರ ದೇವರ ಫೋಟೋ ತಾನೇ ಮನೇಲೇ ಇದೆಯಲ್ಲ ಅಂತ ಆ ಕಡೆ ತಲೆ ಹಾಕಲ್ಲ. ಮ್ಯೂಸಿಯಂ ಹೆಸರು ಬೇಕಂತಲೇ ಹಾಕ್ತಿಲ್ಲ, ನಂದು ಒಂದು ದೊಡ್ಡ ಬೇಜಾರಿದೆ, ಅದು ಅವರೊಬ್ಬರ ತಲೆ ಮೇಲೆ ಬೀಳೋದು ಬೇಡ, ಬೇರೆ ಕಡೆನೂ ಹಾಗೇ ಇರೋದನ್ನ ನೋಡಿದೀನಿ.

ಸಿಟಿ ಮಧ್ಯದಲ್ಲೇ ಇರೋ ಜಾಗ, ಒಂದೇ ಫ್ಲೋರು, ಮೂರು ರೂಮು. ಮೊದಲನೇದು ಪೂರ್ತಿ ಮೈಸೂರು ಶೈಲಿ, ಎರಡನೇದು ಸ್ವಲ್ಪ ಮೈಸೂರು ಸ್ವಲ್ಪ ತಂಜಾವೂರು, ಕೊನೇದು ರವಿವರ್ಮ ಪ್ರೆಸ್ಸಿನ ಕಲರ್ ಪ್ರಿಂಟುಗಳು. ಹೆಚ್ಚಿನವು ಹತ್ತೊಂಬತ್ತನೇ ಶತಮಾನದ್ದು, ಕೆಲವು ಮನೆತನಗಳು ತಮ್ಮ ದೇವರಮನೆಯಿಂದ ಇಳಿಸಿ ಕೊಟ್ಟಿದ್ದು. ನನ್ ಜೊತೆ ಮೈಸೂರಿಂದ ಬಂದಿದ್ದ ದೊಡ್ಡಮ್ಮ ಇದ್ರು. ಅವರಿಲ್ಲದೆ ಹೋಗಿದ್ರೆ ಇದರಲ್ಲಿ ಅರ್ಧ ನನಗೆ ಕಾಣ್ತಾನೇ ಇರ್ಲಿಲ್ಲ, ನಿಜವಾಗ್ಲೂ.

ಒಳಗೆ ಕಾಲಿಟ್ಟ ತಕ್ಷಣ ಎಲ್ರೂ ಅನ್ನೋ ಮಾತು, ಏನಿದು ಇಷ್ಟು ಕತ್ತಲೆ. ಅದು ಕರೆಂಟ್ ಉಳಿಸೋಕಲ್ಲ. ಪೇಪರ್ ಮೇಲೆ ನೀರಿನ ಬಣ್ಣದಲ್ಲಿ ಬರೆದ ಚಿತ್ರಕ್ಕೆ ಬೆಳಕೇ ಶತ್ರು, ಬಿದ್ದಷ್ಟೂ ಬಣ್ಣ ಮಾಸುತ್ತೆ, ಮಾಸಿದ್ದು ಮತ್ತೆ ವಾಪಸ್ ಬರಲ್ಲ. ಅದಕ್ಕೇ ಮ್ಯೂಸಿಯಂನೋರು ಇಂಥದಕ್ಕೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಅಂದ್ರೆ ಬೆಳಕು ಅಳೆಯೋ ಮಾನ) ಜಾಸ್ತಿ ಬೆಳಕು ಬಿಡಲ್ಲ, ನಮ್ಮ ಆಫೀಸುಗಳಲ್ಲಿ ಅದರ ಹತ್ತರಷ್ಟು ಬೆಳಕಿರೋದು ಮಾಮೂಲಿ. ಒಂದೈದು ನಿಮಿಷ ಸುಮ್ನೆ ನಿಂತ್ಕೊಂಡ್ರೆ ಕಣ್ಣು ತಾನೇ ಹೊಂದ್ಕೊಳುತ್ತೆ. ಅಷ್ಟು ತಾಳ್ಮೆ ಇಲ್ದೆ ಮೊಬೈಲ್ ಟಾರ್ಚ್ ಹಾಕೋಕೆ ಹೋದ ಒಬ್ಬರನ್ನ ಗಾರ್ಡ್ ತಡೆದ್ರು, ಬೈಲಿಲ್ಲ, "ಸರ್ ಎರಡು ನಿಮಿಷ ನಿಂತ್ಕೊಳಿ, ಕಾಣುತ್ತೆ" ಅಂದ್ರು ಅಷ್ಟೇ. ಆ ಗಾರ್ಡಿಗೆ ನನ್ನ ಕಡೆಯಿಂದ ಪೂರ್ತಿ ಮಾರ್ಕ್ಸ್.

ಮೊದಲ ರೂಮಿನ ಎದುರು ಗೋಡೆ ಮೇಲೆ ರಾಮ ಪಟ್ಟಾಭಿಷೇಕ. ಈ ಒಂದು ಚಿತ್ರದ ಮುಂದೆನೇ ನಾವು ಅರ್ಧ ಗಂಟೆ ಮೇಲೆ ನಿಂತಿದ್ವಿ ಅನ್ಸುತ್ತೆ. ಮಧ್ಯದಲ್ಲಿ ಸಿಂಹಾಸನ, ಅದರ ಮೇಲೆ ಮಂಟಪ, ರಾಮ ಸೀತೆ ಕೂತಿದಾರೆ, ರಾಮನ ಒಂದು ಕಾಲು ಕೆಳಗೆ ಇಳಿಬಿಟ್ಟಿದೆ, ಆ ಪಾದವನ್ನ ಹನುಮಂತ ಎರಡೂ ಕೈಲಿ ಹಿಡ್ಕೊಂಡು ಕೂತಿದಾನೆ. ಹಿಂದೆ ಛತ್ರಿ, ಚಾಮರ ಹಿಡಿದ ತಮ್ಮಂದಿರು, ಒಂದು ಕಡೆ ವಸಿಷ್ಠರು ಮತ್ತೆ ಋಷಿಗಳು, ಇನ್ನೊಂದು ಕಡೆ ಸುಗ್ರೀವ ವಿಭೀಷಣ ಅಂಗದ ಜಾಂಬವಂತ. ಇದನ್ನೆಲ್ಲ ನಾವು ಚಿಕ್ಕಂದಿನಿಂದ ನೋಡಿರೋದೇ. ಆದ್ರೆ ದೇವರಮನೇಲಿ ಪಟ ಇರೋದು ಮೇಲೆ, ಮುಂದೆ ದೀಪ, ಹೂವಿನ ಹಾರ ಅರ್ಧ ಮುಚ್ಚಿರುತ್ತೆ, ನಾವು ಕೈ ಮುಗಿದು ಕಣ್ಣು ಮುಚ್ಕೋತೀವಿ. ಇಲ್ಲಿ ಅದನ್ನ ನಮ್ಮ ಕಣ್ಣಿನ ಮಟ್ಟಕ್ಕೆ ಇಳಿಸಿದಾರೆ, ಒಂದು ಅಡಿ ದೂರದಲ್ಲಿ ನಿಂತ್ಕೋಬಹುದು, ಕಣ್ಣು ಬಿಟ್ಕೊಂಡು ನೋಡ್ಬೇಕು. ಆವಾಗ ಕಂಡಿದ್ದು ನೋಡಿ, ಹನುಮಂತನ ಹತ್ತು ಬೆರಳೂ ಬೇರೆ ಬೇರೆ ಕಾಣುತ್ತೆ, ಹೆಬ್ಬೆರಳು ರಾಮನ ಹಿಮ್ಮಡಿಗೆ ಇನ್ನೇನು ತಾಗ್ಬೇಕು ಅನ್ನೋಷ್ಟು ಹತ್ತಿರ ಇದೆ ಆದ್ರೆ ಒತ್ತಿಲ್ಲ. ಸೀತೆ ಸೀರೆ ಅಂಚಿನಲ್ಲಿ ಅಕ್ಕಿ ಕಾಳಿಗಿಂತ ಚಿಕ್ಕ ಬುಟ್ಟಾಗಳು, ಒಂದೊಂದರಲ್ಲೂ ಮೂರು ದಳ. ಹಿಂದಿನ ಸಾಲಿನ ವಾನರರಲ್ಲಿ ಒಬ್ಬೊಬ್ಬರ ಮುಖನೂ ಬೇರೆ, ಒಬ್ಬನಿಗಂತೂ ಮಂಟಪದ ಕಂಬ ಅಡ್ಡ ಬಂದು ಕತ್ತು ಚಾಚಿ ನೋಡ್ತಿದಾನೆ. ಆ ವಾನರನನ್ನ ಬರೆದ ಕೈ ಯಾರದ್ದೋ ಗೊತ್ತಿಲ್ಲ, ಈ ಶೈಲಿಯ ಹಳೇ ಚಿತ್ರಗಳಲ್ಲಿ ಬಹಳಷ್ಟಕ್ಕೆ ಸಹಿ ಇಲ್ಲ. ಗುಂಪಿನ ಕೊನೇ ಸಾಲಿನಲ್ಲಿರೋ ಒಬ್ಬನಿಗೂ ಪಟ್ಟಾಭಿಷೇಕ ನೋಡೋ ಆಸೆ ಇತ್ತು ಅಂತ ಯೋಚನೆ ಮಾಡಿದ ಆ ಚಿತ್ರಗಾರನಿಗೆ ಅಲ್ಲೇ ನಿಂತು ಕೈ ಮುಗಿಯೋಣ ಅನ್ನಿಸ್ತು ನನಗೆ.

ಈ ಚಿತ್ರಗಳನ್ನ ನೇರ ಮುಂದೆ ನಿಂತು ಮಾತ್ರ ನೋಡ್ಬೇಡಿ, ಪಕ್ಕಕ್ಕೆ ಹೋಗಿ, ಗೋಡೆಗೆ ಹತ್ತಿರ ಬಂದು ಓರೆಯಾಗಿ ನೋಡಿ. ಆವಾಗ ಒಡವೆ, ಕಿರೀಟ, ಸಿಂಹಾಸನದ ಅಂಚು ಎಲ್ಲ ಕಾಗದದಿಂದ ಸ್ವಲ್ಪ ಮೇಲೆ ಎದ್ದಿರೋದು ಕಾಣುತ್ತೆ. ಅದೇ ಜೆಸ್ಸೋ ಕೆಲಸ. ಹಿಂದಿನವರು ಸಫೇದ ಅಂದ್ರೆ ಸೀಸದ ಬಿಳಿ ಪುಡಿ, ರೇವಲ್‌ಚಿನ್ನಿ ಅನ್ನೋ ಹಳದಿ ಅಂಟು, ಅದಕ್ಕೆ ಬೇರೆ ಅಂಟು ಸೇರಿಸಿ ಅರೆದು ಪೇಸ್ಟ್ ಮಾಡ್ಕೊಂಡು, ಅದನ್ನ ಸಣ್ಣ ಬ್ರಶ್ಶಿಂದ ಗೆರೆ ಗೆರೆಯಾಗಿ ಎಳೆದು, ಒಣಗಿದ ಮೇಲೆ ಅದರ ಮೇಲೆ ಚಿನ್ನದ ರೇಕು, ಅಂದ್ರೆ ತೀರಾ ತೆಳು ಚಿನ್ನದ ಹಾಳೆ, ಕೂರಿಸ್ತಿದ್ರು. ಈಗ ಕ್ಲಾಸುಗಳಲ್ಲಿ ಝಿಂಕ್ ಆಕ್ಸೈಡು, ಗಮ್ ಅರೇಬಿಕ್ ಕಲಸ್ತಾರೆ. ಕೊನೆಗೆ ತೆಳು ಪೇಪರ್ ಮುಚ್ಚಿ ನುಣುಪಾದ ಕಲ್ಲಿಂದ ಉಜ್ಜೋದು, ಆವಾಗ್ಲೇ ಆ ಹೊಳಪು. ಮೊದಲ ಸ್ಕೆಚ್ಚು ಹುಣಸೆ ಕಡ್ಡಿ ಸುಟ್ಟ ಇದ್ದಿಲಲ್ಲಿ. ಬ್ರಶ್ಶಿಗೆ ಅಳಿಲಿನ ಕೂದಲು, ತೀರಾ ಸಣ್ಣ ಗೆರೆಗೆ ಒಂದು ಜಾತಿ ಹುಲ್ಲಿನ ಚೂಪು ತುದಿ. ಇದನ್ನೆಲ್ಲ ಒಂದು ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿದ್ರು, ಕಲ್ಲು, ಕಡ್ಡಿ, ಬಣ್ಣದ ಪುಡಿ, ರೇಕಿನ ಪುಸ್ತಕ. ಜೊತೆಗೆ ಅರ್ಧಕ್ಕೇ ನಿಂತಿರೋ ಒಂದು ಪಟ, ದೇವಿ ಮೈ ಬಣ್ಣ ತುಂಬಿದೆ, ಒಡವೆಗೆ ಜೆಸ್ಸೋ ಎದ್ದಿದೆ, ಚಿನ್ನ ಇನ್ನೂ ಬಂದಿಲ್ಲ, ಕಣ್ಣಿನ ಜಾಗ ಖಾಲಿ. ಇಡೀ ಎಕ್ಸಿಬಿಷನ್‌ನಲ್ಲಿ ಮಕ್ಕಳು ಗುಂಪು ಕಟ್ಕೊಂಡು ನಿಂತಿದ್ದು ಈ ಪೆಟ್ಟಿಗೆ ಮುಂದೆ. ಜೋಡಿಸಿದವರ ತಲೆಗೆ ನಿಜವಾಗ್ಲೂ ಮೆಚ್ಚಬೇಕು, ಮುಗಿದ ಚಿತ್ರ ನೂರು ಹೇಳಿಕೊಡದೇ ಇರೋದನ್ನ ಈ ಮುಗಿಯದ ಒಂದು ಹೇಳಿಕೊಡುತ್ತೆ.

ಇತಿಹಾಸದ ಬೋರ್ಡು ಚಿಕ್ಕದು, ಆದ್ರೆ ಸರಿಯಾಗಿದೆ. 1565ರಲ್ಲಿ ರಕ್ಕಸತಂಗಡಿ ಯುದ್ಧ ಆದ್ಮೇಲೆ ವಿಜಯನಗರದ ಚಿತ್ರಗಾರರು ಚದುರಿಹೋದ್ರು, ಒಂದಷ್ಟು ಮನೆತನಗಳು ಶ್ರೀರಂಗಪಟ್ಟಣದ ಕಡೆ ಬಂದ್ವು, 1610ರಲ್ಲಿ ಆ ಊರನ್ನ ತಗೊಂಡ ರಾಜ ಒಡೆಯರು ಅವರಿಗೆ ಆಶ್ರಯ ಕೊಟ್ರು ಅಂತ. ನಾವು ಇವತ್ತು ಮೈಸೂರು ಶೈಲಿ ಅಂತ ಗುರುತು ಹಿಡಿಯೋ ರೂಪಕ್ಕೆ ಬಂದಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. 1799ರಲ್ಲಿ ಪುಟ್ಟ ಹುಡುಗನಾಗಿ ಪಟ್ಟಕ್ಕೆ ಬಂದವರು, 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ಕೊಂಡ್ರು, ಅಲ್ಲಿಂದ 1868ರಲ್ಲಿ ತೀರಿಕೊಳ್ಳೋವರೆಗೂ ರಾಜ್ಯ ಕೈಲಿಲ್ಲದ ರಾಜ. ಆ ಅಷ್ಟೂ ವರ್ಷ ಅವರು ಪುಸ್ತಕ, ಸಂಗೀತ, ಚಿತ್ರ, ಗಂಜೀಫಾ ಅನ್ನೋ ಚಿತ್ರದ ಇಸ್ಪೀಟೆಲೆ ಅಂತ ಕೂತ್ರು. ಶ್ರೀತತ್ತ್ವನಿಧಿ ಅನ್ನೋ ಗ್ರಂಥ ಮಾಡಿಸಿದ್ದೂ ಅವರೇ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ ಅಂತ ಶುರುವಾಗಿ ಒಂಬತ್ತು ನಿಧಿ, ಯಾವ ದೇವರಿಗೆ ಎಷ್ಟು ಕೈ, ಯಾವ ಕೈಲಿ ಏನು, ಮೈ ಬಣ್ಣ ಯಾವುದು, ವಾಹನ ಯಾವುದು, ಧ್ಯಾನ ಶ್ಲೋಕ ಮತ್ತೆ ಅದರ ಜೊತೆಗೇ ಚಿತ್ರ. ಎಕ್ಸಿಬಿಷನ್‌ನಲ್ಲಿ ಅದರ ಕೆಲವು ಪುಟಗಳ ಫೋಟೋ ಕಾಪಿ ಹಾಕಿ, ಪಕ್ಕದಲ್ಲಿ ಅದೇ ಲಕ್ಷಣದ ಪಟ ನೇತು ಹಾಕಿದ್ರು. ಇದು ತುಂಬಾ ಒಳ್ಳೆ ಐಡಿಯಾ. ಶ್ಲೋಕದಲ್ಲಿ ಹೇಳಿದ್ದು ಎಲ್ಲಿವರೆಗೆ, ಚಿತ್ರಗಾರ ತನ್ನ ಮನಸ್ಸಿಂದ ಸೇರಿಸಿದ್ದು ಎಲ್ಲಿಂದ ಅನ್ನೋದನ್ನ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನಾವೇ ಹುಡುಕಬಹುದು. ಆಯುಧ, ಬಣ್ಣ, ಕೂತಿರೋ ಭಂಗಿ ಎಲ್ಲ ಶಾಸ್ತ್ರದ್ದು, ಅದನ್ನ ಮುಟ್ಟೋ ಹಾಗಿಲ್ಲ. ಆದ್ರೆ ಹಿಂದಿನ ಗುಡ್ಡ, ಮರದ ಮೇಲಿನ ಗಿಳಿ, ನೆಲಹಾಸಿನ ಹೂವು, ಚಾಮರ ಹಿಡಿದವಳ ಜಡೆ, ಇದೆಲ್ಲ ಚಿತ್ರಗಾರನ ಸ್ವಂತದ್ದು, ಅಲ್ಲೇ ಅವನು ಕೈ ಬಿಚ್ಚಿ ಬರೆದಿರೋದು.

ಈಗ ನನ್ನ ಮನಸ್ಸಲ್ಲಿ ಉಳಿದಿರೋ ಚಿತ್ರದ ವಿಷಯ. ಎರಡನೇ ರೂಮಿನ ಮೂಲೆಲಿ ಒಂದು ಲಕ್ಷ್ಮಿ ಪಟ, ಅಷ್ಟೇನೂ ದೊಡ್ಡದಲ್ಲ, ಕೆಲಸನೂ ಮೊದಲ ರೂಮಿನಷ್ಟು ಸೂಕ್ಷ್ಮ ಅಲ್ಲ. ಯಾವುದೋ ಮನೆ ದೇವರಮನೇಲಿ ತಲೆಮಾರುಗಟ್ಟಲೆ ಇದ್ದಿದ್ದು. ಕೆಳಗಿನ ಅಂಚು ಪೂರ್ತಿ ದೀಪದ ಹೊಗೆಗೆ ಕಂದು ತಿರುಗಿದೆ. ಪಾದದ ಹತ್ತಿರ ಕುಂಕುಮದ ಕಲೆ, ಒಂದರ ಮೇಲೊಂದು ಬಿದ್ದು ಬಿದ್ದು ಪಾದದ ಗೆರೆನೇ ಕಾಣಲ್ಲ. ಹಣೆ ಮೇಲೂ ಯಾರೋ ಗಂಧ ಇಟ್ಟಿರೋ ಗುರುತು, ಬಹುಶಃ ಗಾಜು ಹಾಕಿಸೋಕೆ ಮುಂಚೆ. ಮ್ಯೂಸಿಯಂನೋರು ಇದನ್ನ ತೆಗೆದಿಲ್ಲ, ಹಾಗೇ ಬಿಟ್ಟಿದಾರೆ. ಧೂಳು ಒರೆಸಿ, ಹುಳ ಹಿಡಿಯದ ಹಾಗೆ ಮಾಡಿ, ಕುಂಕುಮ ಮಾತ್ರ ಉಳಿಸಿದಾರೆ.

ಇದರ ಬಗ್ಗೆ ನಮ್ಮ ಪಕ್ಕ ನಿಂತಿದ್ದ ಒಬ್ಬ ಸರ್ ಮತ್ತೆ ಅವರ ಹೆಂಡತಿ ಮಧ್ಯೆ ದೊಡ್ಡ ಚರ್ಚೆನೇ ಆಯ್ತು. ಆ ಸರ್ ಹೇಳೋದು, ಕ್ಲೀನ್ ಮಾಡಿ ಮೊದಲಿನ ಹಾಗೆ ಮಾಡ್ಬೇಕಿತ್ತು, ಚಿತ್ರಗಾರ ಬರೆದಿದ್ದು ಕಾಣಬೇಕಲ್ವಾ ಅಂತ. ಅವರ ಹೆಂಡತಿ ಹೇಳೋದು, ಬರೆದವನದ್ದು ಒಂದು ಪಾಲು, ದಿನಾ ಬೆಳಗ್ಗೆ ಕುಂಕುಮ ಇಟ್ಟವಳದ್ದು ಇನ್ನೊಂದು ಪಾಲು, ಅದನ್ನ ಒರೆಸೋಕೆ ಇವರ್ಯಾರು ಅಂತ. ನಾನು ಪೂರ್ತಿ ಆ ಮೇಡಂ ಕಡೆ. ಚಿತ್ರಗಾರನ ಹೆಸರೂ ಗೊತ್ತಿಲ್ಲ, ಆ ಮನೆ ಹೆಂಗಸರ ಹೆಸರೂ ಗೊತ್ತಿಲ್ಲ, ಇಬ್ಬರ ಕೈ ಗುರುತೂ ಒಂದೇ ಕಾಗದದ ಮೇಲಿದೆ, ಒಂದನ್ನ ಕಲೆ ಅಂತ ಉಳಿಸಿ ಇನ್ನೊಂದನ್ನ ಕೊಳೆ ಅಂತ ತೆಗೆದ್ರೆ ಅನ್ಯಾಯ. ಮತ್ತೆ ಕೆಲಸದ ಲೆಕ್ಕದಲ್ಲೂ ಅದು ಅಪಾಯನೇ, ನೀರಿನ ಬಣ್ಣದ ಮೇಲೆ ಕೂತ ಕುಂಕುಮ ತೆಗೆಯೋಕೆ ಒದ್ದೆ ಮಾಡಿದ್ರೆ ಕೆಳಗಿನ ಬಣ್ಣನೂ ಜೊತೆಗೆ ಎದ್ದು ಬರಬಹುದು. ಮನೇಲಿ ಇಂಥ ಹಳೇ ಪಟ ಇರೋರಿಗೆ ಒಂದು ಮಾತು, ದಯವಿಟ್ಟು ಒದ್ದೆ ಬಟ್ಟೆಲಿ ಒರೆಸ್ಬೇಡಿ, ಕೆಲವು ಕಡೆ ಬಿಳಿ ಬಣ್ಣ ಕಪ್ಪಾಗಿದ್ರೆ ಅದು ಕೊಳೆನೇ ಆಗಿರ್ಬೇಕು ಅಂತಿಲ್ಲ, ಸೀಸದ ಬಿಳಿ ಗಾಳಿಯಲ್ಲಿರೋ ಗಂಧಕದ ಅಂಶಕ್ಕೆ ತಾನೇ ಕಪ್ಪಾಗುತ್ತೆ, ಉಜ್ಜಿದ್ರೆ ಹೋಗಲ್ಲ, ಬಣ್ಣ ಹೋಗುತ್ತೆ.

ದೊಡ್ಡಮ್ಮ ಆ ಪಟದ ಮುಂದೆ ಚಪ್ಪಲಿ ಬಿಟ್ಟು ನಿಂತ್ರು. ನಾನು ಗಾರ್ಡ್ ಏನಾದ್ರೂ ಅಂತಾರೇನೋ ಅಂತ ಆ ಕಡೆ ನೋಡಿದ್ರೆ ಅವರು ಏನೂ ಅನ್ಲಿಲ್ಲ, ದೂರ ನಿಂತ್ಕೊಂಡ್ರು. ಎಷ್ಟೋ ಕಡೆ ಮ್ಯೂಸಿಯಂ ಒಳಗೆ ಕೈ ಮುಗಿದ್ರೆ ಜನ ಒಂಥರಾ ನೋಡ್ತಾರೆ, ಇಲ್ಲಿ ಹಾಗಿರ್ಲಿಲ್ಲ, ಇದಕ್ಕೆ ನಾನು ತುಂಬಾ ಬೆಲೆ ಕೊಡ್ತೀನಿ.

ಈಗ ಬೇಜಾರಿನ ವಿಷಯ. ಚೀಟಿಗಳೆಲ್ಲ ಬರೀ ಇಂಗ್ಲಿಷಲ್ಲಿ. ಎಲ್ಲ ಅಂದ್ರೆ ಎಲ್ಲ. ಹೊರಗಡೆ ದೊಡ್ಡ ಬ್ಯಾನರಲ್ಲಿ ಕನ್ನಡ ಇದೆ, ಟಾಯ್ಲೆಟ್ ಬೋರ್ಡಲ್ಲಿ ಕನ್ನಡ ಇದೆ, ಚಿತ್ರದ ಪಕ್ಕ ಇಲ್ಲ. ಬೇರೆ ಯಾವ ಎಕ್ಸಿಬಿಷನ್ ಆದ್ರೂ ನಾನು ಒಂದು ಸಾಲಲ್ಲಿ ಹೇಳಿ ಮುಂದೆ ಹೋಗ್ತಿದ್ದೆ, ಇಲ್ಲಿ ಹಾಗೆ ಬಿಡೋಕಾಗಲ್ಲ, ಯಾಕಂದ್ರೆ ಚಿತ್ರಗಳ ಒಳಗೇ ಕನ್ನಡ ಇದೆ! ಆ ರಾಮ ಪಟ್ಟಾಭಿಷೇಕದಲ್ಲಿ ಒಬ್ಬೊಬ್ಬರ ಕಾಲಡಿನೂ ಅಥವಾ ತಲೆ ಪಕ್ಕ ಸಣ್ಣ ಅಕ್ಷರದಲ್ಲಿ ಹೆಸರು ಬರೆದಿದೆ, ಶತ್ರುಘ್ನ, ಅಂಗದ, ಜಾಂಬವಂತ ಅಂತ. ದಶಾವತಾರದ ಪಟದಲ್ಲಿ ಒಂದೊಂದು ಅವತಾರದ ಚೌಕದ ಕೆಳಗೂ ಹೆಸರಿದೆ. ಬರೆದವನಿಗೆ ಗೊತ್ತಿತ್ತು ನೋಡೋರು ಕನ್ನಡ ಓದ್ತಾರೆ ಅಂತ. ಪಕ್ಕದ ಚೀಟಿ ಏನು ಹೇಳುತ್ತೆ, ಚಿತ್ರದ ಹೆಸರು, ಕಾಗದದ ಮೇಲೆ ಬಣ್ಣ ಮತ್ತು ಚಿನ್ನ, ಹತ್ತೊಂಬತ್ತನೇ ಶತಮಾನ, ಇಷ್ಟು ಸೆಂಟಿಮೀಟರ್. ಮುಗೀತು. ಒಳಗೆ ಬರೆದಿರೋ ಹೆಸರುಗಳ ಸುದ್ದಿನೇ ಇಲ್ಲ.

ದೊಡ್ಡಮ್ಮಂಗೆ ಇಂಗ್ಲಿಷ್ ಬರಲ್ಲ. ಮೊದಮೊದಲು ಪ್ರತಿ ಚಿತ್ರದ ಮುಂದೂ "ಏನು ಬರ್ದಿದಾರೆ ಓದೇ" ಅಂತ ನನ್ನ ಕೇಳ್ತಿದ್ರು, ನಾನು ಓದಿ ಹೇಳ್ತಿದ್ದೆ. ಸ್ವಲ್ಪ ಹೊತ್ತಿಗೆ ಕೇಳೋದು ಬಿಟ್ರು. ಕನ್ನಡಕ ಸರಿ ಮಾಡ್ಕೊಂಡು ಚಿತ್ರದ ಒಳಗಿನ ಅಕ್ಷರ ಹುಡುಕಿ ಓದೋಕೆ ಶುರು ಮಾಡಿದ್ರು, ಹಳೇ ಕೈಬರಹ, ಒತ್ತಕ್ಷರ ಒಂದಕ್ಕೊಂದು ಅಂಟ್ಕೊಂಡಿರುತ್ತೆ, ನನಗೆ ಅರ್ಧಂಬರ್ಧ ಗೊತ್ತಾಗ್ತಿತ್ತು, ಅವರು ಸಲೀಸಾಗಿ ಓದಿದ್ರು. ನಮ್ಮ ಹಿಂದೆ ಇಬ್ಬರು ಕಾಲೇಜು ಹುಡುಗೀರು ನಿಂತಿದ್ರು, ಆರ್ಟ್ ಸ್ಟೂಡೆಂಟ್ಸ್ ಅನ್ಸುತ್ತೆ, ಸ್ಕೆಚ್ ಪುಸ್ತಕ ಇತ್ತು. ಒಬ್ಬಳು ಕೇಳಿದ್ಲು, "ಅಜ್ಜಿ, ಆ ಕರಡಿ ಮುಖ ಇರೋರು ಯಾರು?" ದೊಡ್ಡಮ್ಮ ಜಾಂಬವಂತ ಅಂದ್ರು, ಅಲ್ಲಿಗೆ ನಿಲ್ಲಿಸ್ದೆ ಸಮುದ್ರದ ದಡದಲ್ಲಿ ಸುಮ್ನೆ ಕೂತಿದ್ದ ಹನುಮಂತಂಗೆ ನಿನ್ನ ಶಕ್ತಿ ನಿನಗೇ ಮರೆತಿದೆಯಪ್ಪಾ ಅಂತ ನೆನಪು ಮಾಡಿಕೊಟ್ಟೋನು ಇವನೇ, ಇಲ್ದಿದ್ರೆ ಲಂಕೆಗೆ ಯಾರು ಹಾರ್ತಿದ್ರು ಅಂದ್ರು. ಆಮೇಲೆ ಆ ಹುಡುಗೀರು ನಮ್ಮ ಜೊತೆನೇ ಬಂದ್ರು, ಮೂರೂ ರೂಮು ಮುಗಿಯೋವರೆಗೂ. ಒಬ್ಬಳು ದೊಡ್ಡಮ್ಮ ಹೇಳಿದ್ದನ್ನ ಸ್ಕೆಚ್ ಪಕ್ಕದಲ್ಲಿ ಬರ್ಕೊಳ್ತಾ ಇದ್ಲು.

ಅಲ್ಲಿ ಮಧ್ಯಾಹ್ನ ಒಬ್ಬ ವಾಲಂಟಿಯರ್ ಎಲ್ರನ್ನೂ ಸೇರಿಸಿ ಸುತ್ತಾಡಿಸಿ ವಿವರಿಸ್ತಾರೆ, ಅದೂ ಇಂಗ್ಲಿಷಲ್ಲೇ. ನಾನು ಹೋಗಿ ಕೇಳಿದೆ, ಕನ್ನಡದಲ್ಲೂ ಹೇಳ್ತೀರಾ ಅಂತ. ಆ ಹುಡುಗಿ ಮುಖ ಅರಳ್ತು, "ಯಾರೂ ಕೇಳೋದೇ ಇಲ್ಲ ಮೇಡಂ" ಅಂತ ಶುರು ಮಾಡಿದ್ರೆ ಎಷ್ಟು ಚೆನ್ನಾಗಿ ಹೇಳಿದ್ಲು ಅಂದ್ರೆ, ಇಂಗ್ಲಿಷಲ್ಲಿ ಹೇಳುವಾಗ ಬಾಯಿಪಾಠದ ಥರ ಇದ್ದಿದ್ದು ಕನ್ನಡದಲ್ಲಿ ಮಾತಾಯ್ತು. ಅಂದ್ರೆ ಕನ್ನಡದಲ್ಲಿ ಹೇಳೋಕೆ ಜನ ಇದಾರೆ, ಕೇಳೋಕೆ ಜನ ಇದಾರೆ, ಚಿತ್ರದ ಒಳಗೆ ಅಕ್ಷರ ಇದೆ, ಮಧ್ಯದಲ್ಲಿ ಒಂದು ಸಣ್ಣ ಚೀಟಿ ಪ್ರಿಂಟ್ ಮಾಡಿಸೋಕೆ ಏನು ಕಷ್ಟ? ದೇವರ ಪಟದ ಬಗ್ಗೆ ಅತಿ ಹೆಚ್ಚು ಗೊತ್ತಿರೋದು ಇಂಥ ದೊಡ್ಡಮ್ಮಂದಿರಿಗೆ, ಅಜ್ಜಂದಿರಿಗೆ, ಅವರು ಬಾಗಿಲಿಗೆ ಬಂದಾಗ ಇದು ನಿಮಗಲ್ಲ ಅನ್ನೋ ಹಾಗೆ ಗೋಡೆ ಇರಬಾರ್ದು. ನಾನು ಸಂದರ್ಶಕರ ಪುಸ್ತಕದಲ್ಲಿ ಇದನ್ನೇ ಬರೆದೆ, ಕನ್ನಡದಲ್ಲಿ. ಚೀಟಿ ಹಾಕೋದಾದ್ರೆ ಬರೀ ಇಂಗ್ಲಿಷಿನ ಅನುವಾದ ಹಾಕ್ಬೇಡಿ, ಚಿತ್ರದ ಒಳಗೆ ಬರೆದಿರೋದನ್ನ ಬಿಡಿಸಿ ದೊಡ್ಡ ಅಕ್ಷರದಲ್ಲಿ ಹಾಕಿ, ಯಾರು ಎಲ್ಲಿ ನಿಂತಿದಾರೆ ಅಂತ ಒಂದು ಗೆರೆಚಿತ್ರ ಹಾಕಿ ಅಂತ. ಪಕ್ಕದಲ್ಲಿ ದೊಡ್ಡಮ್ಮನೂ ಸಹಿ ಹಾಕಿದ್ರು.

ತಂಜಾವೂರು ಪಟಗಳ ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಅವೂ ಚೆಂದನೇ, ಮರಾಠ ದೊರೆ ಎರಡನೇ ಸರ್ಫೋಜಿ ಕಾಲದಲ್ಲಿ, ಅಂದ್ರೆ 1798ರಿಂದ 1832, ಚೆನ್ನಾಗಿ ಬೆಳೆದ ಶೈಲಿ. ಹಲಗೆ ಮೇಲೆ ಬಟ್ಟೆ ಅಂಟಿಸಿ ಮಾಡಿರೋದು, ಜೆಸ್ಸೋ ದಪ್ಪ, ಮಧ್ಯ ಮಧ್ಯ ಗಾಜಿನ ಹರಳು ಕೂರಿಸಿರ್ತಾರೆ, ದೂರದಿಂದಲೇ ಹೊಡೆದು ಕಾಣುತ್ತೆ. ಗುಂಡು ಗುಂಡಾದ ಬೆಣ್ಣೆ ಕೃಷ್ಣನ ಮುಂದೆ ಜನ ಜಾಸ್ತಿ ಇದ್ರು. ಮೈಸೂರಿನದ್ದು ಹಾಗೆ ದೂರದಿಂದ ಕರೆಯಲ್ಲ, ಜೆಸ್ಸೋ ತೆಳು, ಬಣ್ಣ ತಣ್ಣಗೆ, ಹತ್ತಿರ ಹೋದೋರಿಗೆ ಮಾತ್ರ ಸಿಗೋದು. ಎರಡನ್ನೂ ಎದುರುಬದುರು ಹಾಕಿದ್ರಿಂದ ವ್ಯತ್ಯಾಸ ಒಂದೇ ನೋಟಕ್ಕೆ ಗೊತ್ತಾಗ್ತಿತ್ತು. ನನ್ನ ಮನಸ್ಸು ಮೈಸೂರಿನ ಕಡೆನೇ, ಅದು ಊರಭಿಮಾನ ಅಂದ್ರೂ ಸರಿ.

ಕೊನೇ ರೂಮಿಗೆ ಬಂದಾಗ ದೊಡ್ಡಮ್ಮಂಗೆ ಕಾಲು ನೋವು ಶುರುವಾಗಿತ್ತು, ಬೆಂಚು ಇತ್ತು, ಕೂತ್ಕೊಂಡೇ ನೋಡಿದ್ವಿ. ರವಿವರ್ಮ 1894ರಲ್ಲಿ ಮುಂಬೈಲಿ ಪ್ರೆಸ್ ಶುರು ಮಾಡಿದ್ರು, ಆಮೇಲೆ ಅದು ಲೋನಾವಳ ಹತ್ತಿರ ಮಳವಲಿಗೆ ಹೋಯ್ತು, ಮುಂದೆ ಅಲ್ಲಿದ್ದ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಕೈಗೆ ಬಂತು. ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಿನ ಮೇಲೆ ಚಿತ್ರ ತಯಾರು ಮಾಡಿ, ಒಂದರ ಮೇಲೊಂದು ಅಚ್ಚು ಒತ್ತೋದು. ಬಣ್ಣ ಒಂದು ಎಳೆ ಸರಿದಿರೋ ಪ್ರಿಂಟೊಂದನ್ನೂ ಹಾಕಿದ್ರು, ಸರಸ್ವತಿ ತುಟಿ ಕೆಂಪು ತುಟಿಯಿಂದ ಸ್ವಲ್ಪ ಆಚೆ ಬಿದ್ದಿದೆ, ಅದನ್ನ ನೋಡಿದ್ಮೇಲೆ ಹೇಗೆ ಅಚ್ಚಾಗ್ತಿತ್ತು ಅಂತ ಪೂರ್ತಿ ಅರ್ಥ ಆಗುತ್ತೆ. ಇನ್ನು ಕೆಲವು ಪ್ರಿಂಟುಗಳ ಮೇಲೆ ಮನೆ ಹೆಂಗಸರು ಸೀರೆ ಭಾಗಕ್ಕೆ ನಿಜವಾದ ಬಟ್ಟೆ, ಜರಿ, ಮಣಿ ಅಂಟಿಸಿ ಅಲಂಕಾರ ಮಾಡಿ ಕಟ್ಟು ಹಾಕಿಸಿದ್ರು. ಒಂದು ಲಕ್ಷ್ಮಿಗೆ ನಾಕೂ ಕೈಗೆ ಮಣಿ ಬಳೆ. ದೊಡ್ಡಮ್ಮ ಅದನ್ನ ನೋಡಿ "ಇದನ್ನ ನಮ್ಮಜ್ಜಿ ಮಾಡ್ತಿದ್ರು ಕಣೇ, ಹಳೇ ಜರಿ ಸೀರೆ ಅಂಚು ಕತ್ತರಿಸಿ" ಅಂದ್ರು. ಈ ಪ್ರಿಂಟುಗಳನ್ನ ಕಲೆ ಅಲ್ಲ ಕ್ಯಾಲೆಂಡರ್ ಅಂತ ತಳ್ಳಿ ಹಾಕೋರಿದಾರೆ, ನಾನು ಒಪ್ಪಲ್ಲ. ಅರಮನೆಯೋರಿಗೆ, ಉಳ್ಳವರಿಗೆ ಮಾತ್ರ ಸಿಗ್ತಿದ್ದ ಪಟ ಸ್ವಲ್ಪ ದುಡ್ಡಿಗೆ ಯಾರ ಗೋಡೆಗೆ ಬೇಕಾದ್ರೂ ಬಂತು, ದೇವಸ್ಥಾನದ ಬಾಗಿಲಲ್ಲೇ ತಡೀತಿದ್ದ ಜನರ ಮನೆ ಒಳಗೂ ದೇವರು ಬಂದು ಕೂತ. ಅದು ಸಣ್ಣ ವಿಷಯ ಅಲ್ಲ. ಇದಕ್ಕೆ ಒಂದು ಇಡೀ ರೂಮು ಕೊಟ್ಟಿದ್ದು, ಚಿನ್ನದ ಪಟಗಳಿಗೆ ಕೊಟ್ಟಷ್ಟೇ ಮರ್ಯಾದೆ ಕೊಟ್ಟು ಹಾಕಿದ್ದು ನನಗೆ ತುಂಬಾ ಹಿಡಿಸ್ತು.

ಸೌಕರ್ಯ ಎಲ್ಲ ಚೆನ್ನಾಗಿದೆ. ಲಿಫ್ಟ್ ಇದೆ, ಟಾಯ್ಲೆಟ್ ಕ್ಲೀನ್, ಪ್ರತಿ ರೂಮಲ್ಲೂ ಕೂರೋಕೆ ಜಾಗ, ಬ್ಯಾಗ್ ಇಡೋಕೆ ಲಾಕರ್. ಗಾಜಿನ ಮೇಲೆ ಬೆಳಕು ಬಿದ್ದು ಕೆಲವು ಚಿತ್ರದಲ್ಲಿ ನಮ್ಮ ಮುಖನೇ ಕಾಣ್ತಿತ್ತು, ಅದೊಂದು ಸರಿ ಮಾಡ್ಬಹುದಿತ್ತು, ಅದಕ್ಕೇ ಜೋಡಣೆಗೆ ಒಂದು ಸ್ಟಾರ್ ಕಮ್ಮಿ. ಶಾಪಲ್ಲಿ ಪೋಸ್ಟ್ ಕಾರ್ಡ್, ಮಗ್ಗು, ಬಟ್ಟೆ ಬ್ಯಾಗು ಇತ್ತು, ಮೈಸೂರು ಶೈಲಿ ಬಗ್ಗೆ ಮಕ್ಕಳು ಓದೋ ಒಂದು ಕನ್ನಡ ಪುಸ್ತಕ ಇದ್ದಿದ್ರೆ ಎರಡು ತಗೋತಿದ್ದೆ.

ಎಕ್ಸಿಬಿಷನ್ ಮಿಸ್ ಆದೋರಿಗೆ ಬೇರೆ ದಾರಿ ಇದೆ. ಕುಮಾರಕೃಪಾ ರೋಡಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳ ಕಾಯಂ ಸಂಗ್ರಹ ಇದೆ, ಜೊತೆಗೆ ತೊಗಲುಗೊಂಬೆಗಳೂ ಇವೆ, ಎರಡರಲ್ಲೂ ಅದೇ ರಾಮ ಅದೇ ಹನುಮಂತ ಹೇಗೆ ಬೇರೆ ಬೇರೆ ಬರ್ತಾರೆ ನೋಡಿ. 1960ರಲ್ಲಿ ಶುರುವಾದ ಸಂಸ್ಥೆ, ಎಂ.ಎಸ್. ನಂಜುಂಡರಾವ್ ಅವರು ಕಟ್ಟಿ ಬೆಳೆಸಿದ್ದು. ಅದೇ ರೋಡಲ್ಲಿ ಜನವರಿಲಿ ಚಿತ್ರಸಂತೆ ನಡೆಯುತ್ತಲ್ಲ, ಕಲಾವಿದರು ರೋಡಲ್ಲೇ ಚಿತ್ರ ಇಟ್ಟು ಮಾರೋದು, ಅಲ್ಲಿ ಈಗಿನ ಮೈಸೂರು ಶೈಲಿ ಕಲಾವಿದರು ಕೂತಿರ್ತಾರೆ, ರೇಕು ಅಸಲಿನಾ ಜೆಸ್ಸೋ ಹೇಗೆ ಮಾಡ್ತೀರಾ ಅಂತ ಅವರನ್ನೇ ಕೇಳ್ಬಹುದು. ಕಸ್ತೂರಬಾ ರೋಡಿನಲ್ಲಿ ಯಾರ ಹೆಸರಿನ ಗ್ಯಾಲರಿ ಇದೆಯೋ ಆ ಕೆ. ವೆಂಕಟಪ್ಪನವರೂ ಮೈಸೂರು ಅರಮನೆ ಚಿತ್ರಗಾರರ ಮನೆತನದವರೇ, ಕಲ್ಕತ್ತಾಗೆ ಹೋಗಿ ಅಬನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬೇರೆ ದಾರಿ ಹಿಡಿದ್ರು. ಮೈಸೂರಿಗೆ ಹೋದ್ರೆ ಜಗನ್ಮೋಹನ ಅರಮನೆ ಬಿಡ್ಬೇಡಿ, 1861ರಲ್ಲಿ ಮುಮ್ಮಡಿಯವರೇ ಕಟ್ಟಿಸಿದ್ದು, ಅಲ್ಲಿನ ಗೋಡೆ ಚಿತ್ರಗಳೂ ಇದೇ ಕೈಗಳ ಕೆಲಸ. ಗೋಡೆ ಮೇಲಿನ ದೇವರ ಚಿತ್ರಗಳೇ ಇಷ್ಟ ಅನ್ನೋರು ಒಂದು ದಿನ ಕಾರು ತಗೊಂಡು ತುಮಕೂರಿಂದ ಸಿರಾ ಕಡೆ ಹೋಗೋ ದಾರಿಲಿ ಸೀಬಿ ನರಸಿಂಹ ದೇವಸ್ಥಾನಕ್ಕೆ ಹೋಗಿ, ಛಾವಣಿ ನೋಡೋಕೆ ಕತ್ತು ಎತ್ತಿ ಎತ್ತಿ ನೋವು ಬರುತ್ತೆ ಆದ್ರೂ ಬಿಡಲ್ಲ. ಲೇಪಾಕ್ಷಿ ಎಲ್ರಿಗೂ ಗೊತ್ತು. ಶ್ರವಣಬೆಳಗೊಳಕ್ಕೆ ಹೋದೋರು ಬೆಟ್ಟ ಹತ್ತಿ ಇಳಿದು ವಾಪಸ್ ಬಂದ್ಬಿಡ್ತಾರೆ, ಕೆಳಗೆ ಜೈನ ಮಠದ ಗೋಡೆಗಳ ಮೇಲೆ ತೀರ್ಥಂಕರರ ಕಥೆಯ ಚಿತ್ರಗಳಿವೆ, ಅದಕ್ಕೂ ಒಂದು ಗಂಟೆ ಇಟ್ಕೊಳಿ.

ಎಲ್ಲಿಗೇ ಹೋದ್ರೂ ವಾರದ ದಿನ ಬೆಳಗ್ಗೆ ಬೇಗ ಹೋಗಿ, ಭಾನುವಾರ ಸೆಲ್ಫಿ ಗಲಾಟೆ ಜಾಸ್ತಿ. ಓದೋ ಕನ್ನಡಕ ಮರೀಬೇಡಿ, ಚಿಕ್ಕ ಭೂತಗನ್ನಡಿ ಇದ್ರೆ ಇನ್ನೂ ಒಳ್ಳೇದು, ಕೌಂಟರಲ್ಲಿ ತೋರಿಸಿ ಕೇಳಿ ತಗೊಂಡು ಹೋಗಿ. ಮತ್ತೆ ವಾಲಂಟಿಯರ್ ಇದ್ರೆ ಕನ್ನಡದಲ್ಲಿ ಹೇಳಿ ಅಂತ ಕೇಳಿ, ವಾಪಸ್ ಬರುವಾಗ ಸಂದರ್ಶಕರ ಪುಸ್ತಕದಲ್ಲಿ ಕನ್ನಡ ಚೀಟಿ ಬೇಕು ಅಂತ ಒಂದು ಸಾಲು ಬರೆದು ಬನ್ನಿ.